ತುರ್ಗುನ್ ಅಕಾ ಬದಲಿಸಿದ ಹ್ಯಾಂಡಲ್

ನಮ್ಮ ಕೊಕ್ತೂತ್‌ನಲ್ಲಿ ಹಗಲು ಹೊತ್ತು ಬೀದಿಬಾಗಿಲು ಹಾಕುವವರಿಲ್ಲ. ಹಾಕಿದ್ದಾರೆಂದರೆ ಒಳಗೆ ಯಾರೋ ಸತ್ತಿರಬೇಕು, ಇಲ್ಲವೇ ಯಾರೋ ಏನನ್ನೋ ಮುಚ್ಚಿಡುತ್ತಿರಬೇಕು. ಸತ್ತಿದ್ದರೆ ಅಳು ಕೇಳಬೇಕಿತ್ತು. ಮಾರ್ಚ್ ತಿಂಗಳ ಆ ಮಂಗಳವಾರ ನೀರುಗಂಟಿ ತುರ್ಗುನ್ ಅಕಾ ಅವರ ಬಾಗಿಲು ಹಾಕಿತ್ತು. ಒಳಗಿನಿಂದ ಬರುತ್ತಿದ್ದದ್ದು ಸುತ್ತಿಗೆಯ ಸದ್ದು. ಸ್ವಲ್ಪ ಹೊತ್ತಿಗೆ ಸುತ್ತಿಗೆ ನಿಂತು ಗರಗಸ ಶುರುವಾಯಿತು. ಕಬ್ಬಿಣ ಕೊಯ್ಯುವ ಗರಗಸ.

ಅದನ್ನು ಕಣ್ಣಾರೆ ಕಂಡವರು ಪಕ್ಕದ ಮನೆಯ ಸೊಬಿರಾ ಓಪಾ. ನಾವು ಅಣ್ಣನಿಗೆ ಅಕಾ, ಅಕ್ಕನಿಗೆ ಓಪಾ ಎನ್ನುತ್ತೇವೆ. ಚಳಿಗಾಲವೆಲ್ಲ ಮಣ್ಣಿನಲ್ಲಿ ಹೂತಿಟ್ಟ ದ್ರಾಕ್ಷಿ ಬಳ್ಳಿಯನ್ನು ಎತ್ತಿ ಚಪ್ಪರಕ್ಕೆ ಕಟ್ಟುವ ದಿನಗಳವು. ಓಪಾ ಏಣಿಯ ಮೇಲಿದ್ದರು. ಏಣಿ ಹತ್ತಿದವರು ಬಳ್ಳಿಯನ್ನಷ್ಟೇ ನೋಡಬೇಕೆಂದು ಎಲ್ಲೂ ಬರೆದಿಲ್ಲ. ಗೋಡೆಯಾಚೆ ತುರ್ಗುನ್ ಅಕಾ ತಮ್ಮ ಸೈಕಲ್ಲನ್ನು ಚಪ್ಪರದ ಕಂಬಕ್ಕೆ ಹಗ್ಗದಿಂದ ಬಿಗಿದು ನಿಲ್ಲಿಸಿದ್ದರು. ಅದಕ್ಕೆ ಹ್ಯಾಂಡಲ್ ಇರಲಿಲ್ಲ, ಕೊಂಬು ಮುರಿದ ಎತ್ತಿನ ಹಾಗೆ ಬೋಳಾಗಿ ನಿಂತಿತ್ತು. ಅಂಗಳದ ಮಂಚದ ಅಂಚಿಗೆ ಹೊಳೆಯುವ ಹೊಸ ಹ್ಯಾಂಡಲೊಂದನ್ನು ಮೊಣಕಾಲಿನಿಂದ ಒತ್ತಿ ಹಿಡಿದು ಅಕಾ ಅದರ ತುದಿ ಕೊಯ್ಯುತ್ತಿದ್ದರು. ಇನ್ನೊಂದು ತುದಿಯನ್ನು ಅವರ ಹೆಂಡತಿ ಮಸ್ತುರಾ ಹಿಡಿದಿದ್ದರು. ಒಂದು ತುಂಡು ಟಣ್ಣೆಂದು ಕೆಳಗೆ ಬಿತ್ತು. ಹ್ಯಾಂಡಲ್ ಮಗುಚಿ ಇನ್ನೊಂದು ತುದಿಯನ್ನೂ ಕೊಯ್ದರು.

ತಂದೂರಿನ ಬಳಿ ರೊಟ್ಟಿಗೆ ಕಾದಿದ್ದ ಹೆಂಗಸರಿಗೆ ಅಕಾ ಹ್ಯಾಂಡಲನ್ನು ಎರಡು ಬೆರಳಿನಷ್ಟು ಕೊಯ್ದರು ಎಂದು ಸೊಬಿರಾ ಓಪಾ ಹೇಳಿದರು. ಮಧ್ಯಾಹ್ನ ನಬಿಜೋನನ ಚಹಾದಂಗಡಿಗೆ ಸುದ್ದಿ ತಲುಪುವಾಗ ನಾಲ್ಕು ಬೆರಳಾಗಿತ್ತು. ಸಂಜೆಗೆ ಒಂದು ಗೇಣು.

ಬೇರೆ ಊರಿನಲ್ಲಾದರೆ ಮುದುಕನೊಬ್ಬ ಮನೆಯಲ್ಲಿ ಕೂತು ಸೈಕಲ್ ಹ್ಯಾಂಡಲ್ ಬದಲಿಸಿದ್ದು ಸುದ್ದಿಯಲ್ಲ. ನಮ್ಮ ಊರಿನಲ್ಲಿ ಆ ಹ್ಯಾಂಡಲ್ ತುರ್ಗುನ್ ಅಕಾ ಒಬ್ಬರದ್ದಲ್ಲ. ಅದು ಊರಿನ ನೀರಿನ ಅಳತೆ.

ಇಪ್ಪತ್ತೇಳು ವರ್ಷದ ಹಿಂದಿನ ಮಾತು. ಕಾಲುವೆಯಿಂದ ಒಂದೊಂದು ಮನೆಯ ಹಿತ್ತಲಿಗೆ ನೀರು ತಿರುಗುವ ಕಿಂಡಿಗೆ ನಾವು ಕಿವಿ ಎನ್ನುತ್ತೇವೆ. ಎರಡು ಕಲ್ಲು, ನಡುವೆ ತೆರವು, ಅಷ್ಟೇ. ಆ ತೆರವು ಎಷ್ಟಗಲ ಇರಬೇಕೆಂಬ ಜಗಳದಲ್ಲಿ ನಬಿಜೋನನ ಅಪ್ಪ ಪಕ್ಕದವನ ಹೆಗಲಿನ ಮೂಳೆಯನ್ನು ಗುದ್ದಲಿಯ ಕಾವಿನಿಂದ ಮುರಿದಿದ್ದ. ಊರಿನ ಹಿರಿಯ ಸೈದಲಿ ಓತಾ, ಆಗ ಗಡ್ಡ ಇನ್ನೂ ಕಪ್ಪಗಿತ್ತು, ಎಲ್ಲರನ್ನೂ ಕಾಲುವೆ ದಂಡೆಗೆ ಕರೆಸಿದರು. ಅದೇ ವರ್ಷ ನೀರುಗಂಟಿಯಾಗಿ ಆರಿಸಿದ್ದ ಮೂವತ್ನಾಲ್ಕರ ತುರ್ಗುನ್ ಸೈಕಲ್ಲಿನಲ್ಲಿ ಬಂದರು. ಓತಾ ತುರ್ಗುನ್ ಕೈಯಿಂದ ಸೈಕಲ್ ಕಿತ್ತುಕೊಂಡು, ಪಂಚರ್ ಹಾಕುವಾಗ ಮಾಡುವಂತೆ ಮಗುಚಿ, ಒಂದು ಕಿವಿಯ ಮೇಲೆ ನಿಲ್ಲಿಸಿದರು. ಹ್ಯಾಂಡಲಿನ ಎರಡು ಹಿಡಿಗಳೂ ಎರಡು ಕಲ್ಲಿನ ಮೇಲೆ ಸರಿಯಾಗಿ ಕೂತವು. ಹಿಡಿ ಎರಡೂ ಕಲ್ಲಿನ ಮೇಲೆ ಕೂತರೆ ಕಿವಿ ಸರಿ, ಹ್ಯಾಂಡಲ್ ಒಳಗೆ ಜಾರಿ ಬಿದ್ದರೆ ಕಳ್ಳಗಿವಿ ಎಂದು ತೀರ್ಮಾನವಾಯಿತು. ಕೋಲಿನ ಅಳತೆ ಯಾಕೆ ಬೇಡ ಎಂದು ಯಾರೋ ಕೇಳಿದರಂತೆ. ಕೋಲನ್ನು ರಾತ್ರೋರಾತ್ರಿ ಯಾರು ಬೇಕಾದರೂ ಕತ್ತರಿಸಿಯಾರು, ಊರೆಲ್ಲ ದಿನಾ ನೋಡುವ ಸೈಕಲ್ ಹ್ಯಾಂಡಲನ್ನು ಯಾವನು ಕತ್ತರಿಸುತ್ತಾನೆ ಎಂದು ಓತಾ ಬಾಯಿ ಮುಚ್ಚಿಸಿದರಂತೆ.

ಅಂದಿನಿಂದ ತುರ್ಗುನ್ ಅಕಾ ಆ ಹ್ಯಾಂಡಲನ್ನು ಕಣ್ಣಿನ ಹಾಗೆ ಕಾಪಾಡಿದರು. ಬಲಗಾಲಿನ ಪಾಯಿಜಾಮಕ್ಕೆ ದಾರ ಕಟ್ಟಿ, ಗುದ್ದಲಿಯನ್ನು ಫ್ರೇಮಿಗೆ ಬಿಗಿದು, ದಿನಕ್ಕೆರಡು ಬಾರಿ ಕಾಲುವೆಯ ಉದ್ದಕ್ಕೂ ಓಡಾಡುತ್ತಿದ್ದರು. ಎದುರಾದವರಿಗೆಲ್ಲ ಒಂದು ಕೈ ಬಿಟ್ಟು ಎದೆಯ ಮೇಲಿಟ್ಟು ಸಲಾಂ. ಎರಡು ಕೈಯನ್ನೂ ಬಿಟ್ಟದ್ದನ್ನು ಯಾರೂ ಕಂಡಿಲ್ಲ. ಹ್ಯಾಂಡಲಿಗೆ ಚೀಲ ನೇತುಹಾಕುತ್ತಿರಲಿಲ್ಲ, ಬಾಗೀತು ಎಂದು. ನೀರು ಬಿಡುವ ದಿನ ಯಾರ ಮನೆಯ ಚಹಾವನ್ನೂ ಕುಡಿಯುತ್ತಿರಲಿಲ್ಲ. ಜೇಬಿನಲ್ಲಿ ಒಣದ್ರಾಕ್ಷಿ, ಕಾಲುವೆಯಲ್ಲಿ ನೀರು, ಅದೇ ಊಟ.

ಇಷ್ಟೆಲ್ಲ ಒಳ್ಳೆಯತನವೇ ನಮಗೆ ಅನುಮಾನ ಹುಟ್ಟಿಸಲು ಸಾಕಾಗಿತ್ತು. ಅದರ ಜೊತೆಗೆ ಲೆಕ್ಕಕ್ಕೆ ಸಿಗದ ಒಂದೆರಡು ಸಂಗತಿಗಳೂ ಇದ್ದವು. ಹತ್ತು ವರ್ಷದಿಂದ ಅವರು ಸೈಕಲ್ ಮಗುಚಿ ಕಿವಿ ಅಳೆಯುವುದನ್ನೇ ಬಿಟ್ಟಿದ್ದರು. ದಂಡೆಯ ಮೇಲೆ ನಿಂತು ಕಣ್ಣಲ್ಲೇ ನೋಡಿ ಮುಂದೆ ಹೋಗುತ್ತಿದ್ದರು. ಮೇಲಿನ ಓಣಿಯ ನಮ್ಮ ಇಪ್ಪತ್ತಮೂರು ಮನೆಗಳ ಸರದಿಯನ್ನು ಹತ್ತು ನಿಮಿಷ ಮೊದಲೇ ಮುಗಿಸಿ ನೀರನ್ನು ಕೆಳಗೆ ಬಿಡುತ್ತಿದ್ದರು. ಕೇಳಿದರೆ ಗಡಿಯಾರ ತೋರಿಸುತ್ತಿದ್ದರು. ಅವರ ಗಡಿಯಾರ ಮುಂದೆ ಓಡುತ್ತದೆ ಎಂದು ನಾವು ಹಿಂದಿನಿಂದ ಆಡಿಕೊಳ್ಳುತ್ತಿದ್ದೆವು. ಕೆಳಗೆ ಬಾಲದ ಓಣಿ, ಹನ್ನೊಂದು ಮನೆ, ಕಾಲುವೆ ಅಲ್ಲಿಗೆ ಮುಗಿಯುತ್ತದೆ. ಅಕಾ ಅವರ ಮಗಳು ಓಯ್ದಿನ್‌ಳನ್ನು ಮದುವೆ ಮಾಡಿ ಕೊಟ್ಟದ್ದು ಅದೇ ಬಾಲದ ಓಣಿಗೆ.

ಈಗ ಹೇಳಿ. ಹ್ಯಾಂಡಲ್ ಎರಡು ಬೆರಳು ಗಿಡ್ಡವಾದರೆ ನಮ್ಮ ಕಿವಿಗಳೆಲ್ಲ ಕಳ್ಳಗಿವಿಗಳಾಗುತ್ತವೆ. ನಾವು ಕಲ್ಲನ್ನು ಒಳಕ್ಕೆ ಸರಿಸಬೇಕಾಗುತ್ತದೆ. ಉಳಿದ ನೀರು ಎಲ್ಲಿಗೆ ಹೋಗುತ್ತದೆ? ಇದನ್ನು ಲೆಕ್ಕ ಹಾಕಲು ಊರಿಗೆ ಒಂದು ಲೋಟ ಚಹಾದಷ್ಟು ಹೊತ್ತೂ ಬೇಕಾಗಲಿಲ್ಲ.

ಬುಧವಾರ ಬೆಳಿಗ್ಗೆ ತುರ್ಗುನ್ ಅಕಾ ಹೊಸ ಹ್ಯಾಂಡಲಿನ ಸೈಕಲ್ಲಿನಲ್ಲಿ ಚಹಾದಂಗಡಿಯ ಮುಂದೆ ಹಾದುಹೋದರು. ಕಬ್ಬಿಣ ಫಳಫಳ, ಅದರ ತುದಿಗೆ ಮಾತ್ರ ಹಳೆಯ ಸವೆದ ರಬ್ಬರ್ ಹಿಡಿಗಳು. ಅದೂ ನಮಗೆ ಅನುಮಾನಕ್ಕೇ ಕಾರಣವಾಯಿತು: ಹೊಸದಕ್ಕೆ ಹಳೆಯ ತೊಡುಗೆ ತೊಡಿಸಿದ್ದು ಯಾರ ಕಣ್ಣಿಗೆ ಮಣ್ಣೆರಚಲು? ನಬಿಜೋನ್ ಬಾಗಿಲಲ್ಲೇ ನಿಂತಿದ್ದ. ನಾನು ಒಳಗೆ ಕೂತಿದ್ದೆ.

"ಹೊಸಾ ಹ್ಯಾಂಡಲ್ಲಾ ಅಕಾ? ಚೆನ್ನಾಗಿದೆ. ರಿಪೇರಿಯವನು ಊರಲ್ಲಿ ಇರ್ಲಿಲ್ವಾ?"

"ಇದ್ದ. ಹಳೇದು ಬಿರುಕು ಬಿಟ್ಟಿತ್ತು. ನಾನೇ ಹಾಕ್ಕೊಂಡೆ."

"ಬಾಗಿಲು ಹಾಕ್ಕೊಂಡು?"

"ಗಾಳಿ ಇತ್ತು."

ಅವೊತ್ತು ಏಪ್ರಿಕಾಟ್ ಮರದ ಹೂವಿನ ಒಂದು ಎಸಳೂ ಅಲುಗಿರಲಿಲ್ಲ. ನಬಿಜೋನ್ ನನ್ನ ಕಡೆ ತಿರುಗಿ ನೋಡಿದ. ಮತ್ತೆ ಕೇಳಿದ:

"ಹಳೇದು ಎಲ್ಲಿದೆ?"

"ಮನೇಲಿದೆ."

"ತಂದು ತೋರಿಸ್ತೀರಾ?"

"ಯಾಕೆ?"

ಆ ಒಂದು ಯಾಕೆ ಅವರನ್ನು ಹಾಳುಮಾಡಿತು. ತೋರಿಸುತ್ತೇನೆ ಎಂದಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತೇನೋ. ಅಕಾ ಎದೆಯ ಮೇಲೆ ಕೈಯಿಟ್ಟು ಪೆಡಲ್ ತುಳಿದು ಹೋಗಿಬಿಟ್ಟರು.

ಸಂಜೆ ನಬಿಜೋನ್ ನಾಲ್ಕು ಹಾಳೆ ಬಿಳಿ ಕಾಗದ ಹಿಡಿದು ನನ್ನ ಮನೆಗೆ ಬಂದ. ನಾನು ಶಾಲೆ ಮೆಟ್ಟಿಲು ಹೆಚ್ಚು ಹತ್ತಿದವನಲ್ಲ, ಆದರೂ ಜಿಲ್ಲೆಯ ಪತ್ರಿಕೆಗೆ ಆಗೀಗ ಬರೆಯುತ್ತೇನೆ, ಊರಿನ ಅರ್ಜಿಗಳೆಲ್ಲ ನನ್ನ ಕೈಯಲ್ಲೇ ಹುಟ್ಟುವುದು. ನೀರುಗಂಟಿಯನ್ನು ಪ್ರತಿವರ್ಷ ಆರಿಸುವುದು ಹೂಳೆತ್ತುವ ದಿನ. ಆ ದಿನ ಬರಲಿದ್ದ ಶನಿವಾರ. ಅಲ್ಲಿ ಓದಲು ಒಂದು ದೂರು ಬೇಕು ಎಂದ. ನಾನು ಏನನ್ನೂ ಅಳೆದು ನೋಡಿರಲಿಲ್ಲ. ಹಳೆಯ ಹ್ಯಾಂಡಲ್ ನೋಡಿರಲಿಲ್ಲ, ಹೊಸದನ್ನು ಮುಟ್ಟಿರಲಿಲ್ಲ. ಆದರೂ ಬರೆದೆ. ಸಾರ್ವಜನಿಕ ಅಳತೆಯನ್ನು ಬಾಗಿಲು ಮುಚ್ಚಿ ಮೊಟಕುಗೊಳಿಸಿದ ವಿಷಯ, ಸ್ವಂತ ಕುಟುಂಬದ ಲಾಭ, ಮುಂದೋಡುವ ಗಡಿಯಾರ. ನನ್ನ ಕೈಬರಹ ಚೆನ್ನಾಗಿದೆ. ಅವೊತ್ತು ಇನ್ನೂ ಚೆನ್ನಾಗಿ ಬಂತು. ಶುಕ್ರವಾರ ರಾತ್ರಿಯೊಳಗೆ ಮೇಲಿನ ಓಣಿಯ ಇಪ್ಪತ್ತೊಂದು ಮನೆಯವರು ಸಹಿ ಹಾಕಿದರು. ಹಾಕದೆ ಉಳಿದದ್ದು ಇಬ್ಬರು: ತುರ್ಗುನ್ ಅಕಾ, ಮತ್ತೆ ಹಿರಿಯ ಎಂಬ ಕಾರಣಕ್ಕೆ ಸೈದಲಿ ಓತಾ.

ಶನಿವಾರ ಮನೆಗೊಬ್ಬರಂತೆ ಮೂವತ್ನಾಲ್ಕು ಗುದ್ದಲಿಗಳು ಕಾಲುವೆಗೆ ಇಳಿದವು. ಒಂದು ವರ್ಷದ ಹೂಳು, ಎಲೆ, ಸತ್ತ ಕಪ್ಪೆ, ಯಾರದೋ ರಬ್ಬರಿನ ಗಲೋಷ್ ಜೋಡು ಎಲ್ಲ ದಂಡೆಗೆ ಬಂತು. ನಬಿಜೋನನ ಅಂಗಡಿಯ ಪಕ್ಕ ದೊಡ್ಡ ಕಡಾಯಿಯಲ್ಲಿ ಪಲಾವಿನ ಕೊಬ್ಬು ಕಾಯುತ್ತಿತ್ತು, ಹೆಂಗಸರು ಗುಡ್ಡೆ ಗಜ್ಜರಿ ಹೆಚ್ಚುತ್ತಿದ್ದರು. ತುರ್ಗುನ್ ಅಕಾ ಎಲ್ಲರಿಗಿಂತ ಮೊದಲು ಬಂದು ಎಲ್ಲರಿಗಿಂತ ಕೊನೆಗೆ ಮೇಲೆ ಹತ್ತಿದರು. ಮೊಣಕಾಲಿನವರೆಗೆ ಕೆಸರು. ಸೈಕಲ್ಲನ್ನು ಹಿಪ್ಪುನೇರಳೆ ಮರಕ್ಕೆ ಒರಗಿಸಿದ್ದರು. ದಾಟಿ ಹೋದವರೆಲ್ಲ ಅದರ ಹ್ಯಾಂಡಲಿಗೆ ಗೇಣು ಹಾಕದಿದ್ದರೂ ಕಣ್ಣು ಹಾಕಿದರು.

ಓತಾ ಈಗ ಎಂಬತ್ತನಾಲ್ಕು ವರ್ಷದ ಮುದುಕ. ಮರದ ಕೆಳಗೆ ಹಾಸಿದ ರಜಾಯಿಯ ಮೇಲೆ ಕೂತಿದ್ದರು. ದೂರು ಓದಲು ನನ್ನನ್ನೇ ಎಬ್ಬಿಸಿದರು. ಓದಿದೆ. ಅಕಾ ನಿಂತೇ ಕೇಳಿದರು. ಬಾಲದ ಓಣಿಯ ಹನ್ನೊಂದು ಜನ ಒಂದು ಪಕ್ಕಕ್ಕೆ ಕುಕ್ಕರುಗಾಲಲ್ಲಿ ಕೂತು ನೆಲ ನೋಡುತ್ತಿದ್ದರು.

"ಬರವಣಿಗೆ ಚೆನ್ನಾಗಿದೆ, ಉಕಮ್" ಎಂದರು ಅಕಾ. ಉಕಮ್ ಎಂದರೆ ತಮ್ಮಾ ಎಂದು. ಅಷ್ಟೇ ಹೇಳಿದರು.

ಮಾತಾಡಿದ್ದು ಮಸ್ತುರಾ. ಗಜ್ಜರಿ ಹೆಚ್ಚುತ್ತಿದ್ದ ಚಾಕು ಕೆಳಗಿಟ್ಟು ಎದ್ದು, ಯಾರ ಮುಖವನ್ನೂ ನೋಡದೆ ಮನೆಗೆ ನಡೆದರು. ತಿರುಗಿ ಬಂದಾಗ ಕೈಯಲ್ಲಿ ಊಟಕ್ಕೆ ಹಾಸುವ ಬಟ್ಟೆಯಲ್ಲಿ ಸುತ್ತಿದ ಏನೋ ಇತ್ತು. ಓತಾ ಮುಂದೆ ಬಿಚ್ಚಿದರು. ಹಳೆಯ ಹ್ಯಾಂಡಲ್. ನಡುವೆ, ಸೈಕಲ್ಲಿನ ಕತ್ತು ಅದನ್ನು ಕಚ್ಚಿ ಹಿಡಿಯುವ ಜಾಗದಲ್ಲಿ, ಕೂದಲೆಳೆಯಂಥ ಬಿರುಕು.

"ಗರಗಸ ನೋಡಿದ್ದಾರೆ ಅಂತಲ್ಲ, ಉಳಿದದ್ದೂ ಕೇಳ್ಕೊಳ್ಳಿ" ಎಂದರು ಮಸ್ತುರಾ. ಸೊಬಿರಾ ಓಪಾ ಗಜ್ಜರಿಯ ಕಡೆಗೇ ತಲೆ ತಗ್ಗಿಸಿದರು. "ಎರಡು ದಿನ ಸೀಮೆಎಣ್ಣೆ ಬಿಟ್ಟು ನೆನೆಸಿದ್ವಿ, ಇಪ್ಪತ್ತೇಳು ವರ್ಷದ ತುಕ್ಕು, ನಟ್ಟು ಅಲುಗ್ಲಿಲ್ಲ. ಪಾನಾಕ್ಕೆ ಪೈಪು ಸಿಗಿಸಿ ಇಬ್ರೂ ತೂಗಿದ್ವಿ. ಹಿಡಿಗಳನ್ನ ಹರೀಬಾರದು ಅಂತ ನನ್ನ ಹೆಣಿಗೆ ಕಡ್ಡಿ ತೂರಿಸಿ ಸೋಪಿನ ನೀರು ಬಿಟ್ಟು ಕಳಚಿದ್ರು. ಯಾಕೆ? ಅಳತೆ ಹಿಡಿಯ ತುದೀಲಿದೆ ಅಂತ. ಕೋಕಂದ್ ಸಂತೇಲಿ ಸಿಕ್ಕಿದ್ದು ಎರಡೂ ಕಡೆ ಎರಡೆರಡು ಬೆರಳು ಉದ್ದ. ಹಾಗೇ ಬಿಟ್ಟಿದ್ರೆ ನಿಮಗೆಲ್ಲ ಚೆನ್ನಾಗಿರ್ತಿತ್ತು. ಹಳೇದರ ಪಕ್ಕ ಇಟ್ಟು, ದರ್ಜಿ ಸೋಪಲ್ಲಿ ಗೆರೆ ಎಳೆದು ಕೊಯ್ದಿದ್ದಾರೆ. ಅರ ಹಾಕಿ ಉಜ್ಜಿ ಮೂರು ಸಲ ನೋಡಿದ್ದಾರೆ. ಈಗ ನೀವೂ ನೋಡಿ."

ನೋಡಿದೆವು. ಓತಾ ತಾವೇ ಹಳೆಯದನ್ನು ಹೊಸದರ ಪಕ್ಕಕ್ಕೆ ಹಿಡಿದರು. ಹಳೆಯದಕ್ಕೆ ಈಗ ಹಿಡಿಗಳಿಲ್ಲದ್ದರಿಂದ, ಅವುಗಳ ತುದಿಯ ರಬ್ಬರಿನ ದಪ್ಪಕ್ಕೆ ಅಂಗುಷ್ಠದ ಉಗುರಿನಷ್ಟು ಬಿಟ್ಟು ಲೆಕ್ಕ ಹಾಕಿದರು. ಒಂದು ಕೂದಲೂ ಹೆಚ್ಚು ಕಡಿಮೆ ಇರಲಿಲ್ಲ. ಬಾಲದ ಓಣಿಯವರಲ್ಲಿ ಒಬ್ಬ ಕೆಮ್ಮಿದ. ಇಲ್ಲಿಗೆ ನಿಲ್ಲಿಸಿ ಪಲಾವು ತಿಂದಿದ್ದರೆ ನಾವು ಮನುಷ್ಯರಾಗಿ ಮನೆಗೆ ಹೋಗುತ್ತಿದ್ದೆವು. ಆದರೆ ಅನುಮಾನ ಒಮ್ಮೆ ಎದ್ದರೆ ತಪ್ಪಾಯಿತೆಂದು ಕೂರುವುದಿಲ್ಲ, ಇನ್ನೊಂದು ಮನೆಯ ಬಾಗಿಲು ಹುಡುಕುತ್ತದೆ. ನಬಿಜೋನ್ ಎದ್ದು ನಿಂತ.

"ಸರಿ, ಹ್ಯಾಂಡಲ್ ಸರಿ ಇದೆ. ಹಾಗಾದ್ರೆ ಹತ್ತು ವರ್ಷದಿಂದ ಕಿವಿ ಮೇಲೆ ಯಾಕೆ ಇಟ್ಟಿಲ್ಲ? ನಿಮ್ಮ ಕಣ್ಣನ್ನ ನಂಬ್ಕೊಂಡು ಕೂತಿದ್ವಿ. ಇವತ್ತು ಎಲ್ಲರ ಎದುರಿಗೆ ಇಡಿ. ನಮ್ಮ ಕಿವಿಯಿಂದಲೇ ಶುರು ಮಾಡಿ."

"ನಬಿಜೋನ್, ಬೇಡ" ಎಂದರು ಅಕಾ.

"ಯಾಕೆ ಬೇಡ?"

"ಕೈಮುಗಿದು ಕೇಳ್ಕೋತೀನಿ. ಪಲಾವು ಆರುತ್ತೆ. ಬೇಡ."

ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಸಿಕ್ಕಿಬಿದ್ದ ಎಂದು ನನಗೂ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಇಡಿ ಇಡಿ ಎಂದು ಹತ್ತಾರು ಬಾಯಿ. ಓತಾ ಹೂಂ ಎಂದು ತಲೆ ಆಡಿಸಿದರು. ತುರ್ಗುನ್ ಅಕಾ ಸೈಕಲ್ಲನ್ನು ತಳ್ಳಿಕೊಂಡು ನಬಿಜೋನನ ಕಿವಿಯ ಬಳಿಗೆ ಹೋದರು. ಕಾಲುವೆಯ ಮೊದಲ ಕಿವಿ ಅದು, ಚಹಾದಂಗಡಿಯ ಹಿಂದಿನ ಪಾಪ್ಲರ್ ಮರಗಳಿಗೆ ಹೋಗುತ್ತದೆ. ಸೈಕಲ್ ಮಗುಚಿ, ಹಿಡಿಗಳನ್ನು ಮೆಲ್ಲಗೆ ಕೆಳಗಿಳಿಸಿದರು.

ಹ್ಯಾಂಡಲ್ ಕಲ್ಲಿನ ಮೇಲೆ ಕೂರಲಿಲ್ಲ. ಎರಡು ಕಲ್ಲುಗಳ ನಡುವೆ ಸೀದಾ ಕೆಳಗೆ ಇಳಿದು ಕೆಸರಿಗೆ ತಾಗಿತು. ಪಕ್ಕದಲ್ಲಿ ಒಂದು ಮುಷ್ಟಿ ಹೋಗುವಷ್ಟು ಜಾಗ ಉಳಿದಿತ್ತು.

ಅಕಾ ಸೈಕಲ್ ಎತ್ತಿ ಎರಡನೇ ಕಿವಿಗೆ ಹೋದರು. ಅಲ್ಲೂ ಬಿತ್ತು. ಮೂರನೆಯದು. ನಾಲ್ಕನೆಯದು. ಸೈದಲಿ ಓತಾ ಅವರದ್ದು. ಓತಾ ಕೋಲೂರಿಕೊಂಡು ಹಿಂದೆಯೇ ಬರುತ್ತಿದ್ದರು, ತಮ್ಮ ಕಿವಿಯ ಬಳಿ ನಿಂತವರು ಮುಂದೆ ಬರಲಿಲ್ಲ. ಒಂಬತ್ತನೆಯದು ನನ್ನದು. ಅದಕ್ಕೂ ಮೊದಲೇ ನನಗೆ ಗೊತ್ತಾಗಿತ್ತು. ನನ್ನ ಕಿವಿ ಮೂರು ಬೆರಳು ಅಗಲ. ದೂರು ಬರೆದ ಕಾಗದ ಇನ್ನೂ ನನ್ನ ಕೋಟಿನ ಒಳಜೇಬಿನಲ್ಲಿತ್ತು.

ಹೇಗಾಯಿತೆಂದು ಹೇಳುತ್ತೇನೆ. ಯಾರೂ ಕಳ್ಳತನ ಮಾಡಲು ಹೊರಟು ಕಲ್ಲು ಕೀಳಲಿಲ್ಲ. ಪ್ರತಿವರ್ಷ ಹೂಳೆತ್ತುವ ದಿನ ಗುದ್ದಲಿ ತಾಗಿ ಕಲ್ಲು ಕೊಂಚ ಜರುಗುತ್ತದೆ. ಒಳಕ್ಕೆ ಜರುಗಿದ ಕಲ್ಲನ್ನು ಹೊರಕ್ಕೆ ಎಳೆದು ಸರಿಮಾಡುತ್ತೇವೆ. ಹೊರಕ್ಕೆ ಜರುಗಿದ್ದನ್ನು ಇರಲಿ ಬಿಡು ಎಂದು ಬಿಡುತ್ತೇವೆ. ಹತ್ತು ವರ್ಷ ಹೀಗೆ ಮಾಡಿದರೆ ಮುಷ್ಟಿ ಹೋಗುವಷ್ಟಾಗುತ್ತದೆ. ಬಾಲದ ಓಣಿಗೆ ನೀರು ಸಾಲುತ್ತಿಲ್ಲ ಎಂದಾಗ ದೊಡ್ಡ ನಾಲೆಯಲ್ಲೇ ಕಡಿಮೆ ಬಿಡುತ್ತಿದ್ದಾರೆ ಎಂದು ಜಿಲ್ಲಾ ಕಚೇರಿಗೆ ಮೂರು ಅರ್ಜಿ ಬರೆದವನೂ ನಾನೇ.

ಇಪ್ಪತ್ತೆರಡು ಕಿವಿಗಳಲ್ಲಿ ಹ್ಯಾಂಡಲ್ ಕೆಳಗೆ ಬಿತ್ತು, ಕೊನೆಯದು ಸೊಬಿರಾ ಓಪಾ ಅವರದ್ದು. ಇಪ್ಪತ್ತಮೂರನೆಯದು ತುರ್ಗುನ್ ಅಕಾ ಅವರ ಮನೆಯದು. ಎರಡು ಹಿಡಿಗಳೂ ಎರಡು ಕಲ್ಲಿನ ಮೇಲೆ ಕೂತವು. ಅಲ್ಲಿಂದ ಕೆಳಗೆ ಬಾಲದ ಓಣಿಯ ಹನ್ನೊಂದರಲ್ಲೂ ಕೂತವು. ಆ ಕಲ್ಲುಗಳ ಬುಡದಲ್ಲಿ ಪಾಚಿ ಕಟ್ಟಿ ಒಣಗಿತ್ತು. ವರ್ಷಗಳಿಂದ ಅವನ್ನು ಯಾರೂ ಮುಟ್ಟಿರಲಿಲ್ಲ. ಬಾರದ ನೀರಿಗೆ ಕಿವಿ ಅಗಲ ಮಾಡಿ ಏನು ಪ್ರಯೋಜನ?

ಪಲಾವು ಬಡಿಸಿದರು. ಒಂದೊಂದು ತಟ್ಟೆಗೆ ನಾಲ್ಕು ಜನ ಕೂತು ತಿಂದೆವು. ಮಾಂಸದ ತುಂಡನ್ನು ಒಬ್ಬರ ಕಡೆ ಒಬ್ಬರು ತಳ್ಳುವ ಉಪಚಾರ ಅವೊತ್ತು ಯಾಕೋ ಜಾಸ್ತಿಯೇ ಇತ್ತು. ತಿಂದಾದ ಮೇಲೆ ನೀರುಗಂಟಿಯ ಆಯ್ಕೆ. ಪ್ರತಿವರ್ಷ ಇದು ಒಂದು ಉಸಿರಿನ ಕೆಲಸ. ಓತಾ ತುರ್ಗುನ್ ಎನ್ನುತ್ತಾರೆ, ಅಂಗೈ ಮೇಲೆತ್ತುತ್ತಾರೆ, ನಾವೆಲ್ಲ ಓಮಿನ್, ಹಾಗೇ ಆಗಲಿ, ಎಂದು ಮುಖಕ್ಕೆ ಅಂಗೈ ಸವರುತ್ತೇವೆ. ಆ ದಿನ ಓತಾ ಅಂಗೈ ಎತ್ತಲಿಲ್ಲ. ನಬಿಜೋನ್ ಗಂಟಲು ಸರಿಮಾಡಿಕೊಂಡ. ಅವನ ದನಿ ಬೆಣ್ಣೆಯಾಗಿತ್ತು.

"ಅಕಾಗೂ ಅರವತ್ತೊಂದು ಆಯ್ತು. ಎಷ್ಟು ದಿನ ದುಡಿಸ್ಕೊಳ್ಳೋದು? ಮೊಮ್ಮಕ್ಕಳನ್ನ ಆಡಿಸ್ಕೊಂಡು ಇರ್ಲಿ. ಈ ಸಲ ನಮ್ಮ ಕೋಜಿಬಾಯ್‌ಗೆ ವಹಿಸೋಣ. ಮೋಟಾರು ಸೈಕಲ್ ಇದೆ, ಬೇಗ ಓಡಾಡ್ತಾನೆ."

ಕೋಜಿಬಾಯ್ ನಬಿಜೋನನ ಹೆಂಡತಿಯ ತಮ್ಮ. ಅವನ ಗಾಡಿಯ ಹ್ಯಾಂಡಲನ್ನು ಯಾರೂ ಯಾವ ಕಲ್ಲಿನ ಮೇಲೂ ಇಡಲಾರರು, ಅಷ್ಟು ಭಾರ. ಅದು ನಮಗೆಲ್ಲ ತಕ್ಷಣ ಹೊಳೆಯಿತು. ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅಕಾ ಅವರನ್ನು ಕಳ್ಳ ಎಂದು ತೆಗೆಯುವುದಕ್ಕೆ ಈಗ ಕಾರಣ ಉಳಿದಿರಲಿಲ್ಲ. ಆದರೆ ನಮ್ಮ ಕಿವಿಗಳನ್ನೆಲ್ಲ ಬಲ್ಲ ಮನುಷ್ಯ ದಿನಕ್ಕೆರಡು ಸಲ ಎದೆ ಮುಟ್ಟಿ ಸಲಾಂ ಹೇಳಿ ಹೋಗುವುದನ್ನು ಇನ್ನು ನೋಡಲಾರೆವು ಎನ್ನುವುದಂತೂ ಕಾರಣವಾಗಿ ಉಳಿದಿತ್ತು.

ಓತಾ ಬಹಳ ಹೊತ್ತು ಗಡ್ಡ ಸವರಿದರು. ಕೊನೆಗೆ ಅಂಗೈ ಎತ್ತಿದರು. ಮೇಲಿನ ಓಣಿಯವರು ಮುಖ ಸವರಿಕೊಂಡೆವು. ನಾನೂ ಸವರಿಕೊಂಡೆ. ಬಾಲದ ಓಣಿಯ ಹನ್ನೊಂದು ಜನ ಕೈಗಳನ್ನು ಮೊಣಕಾಲಿನ ಮೇಲಿಂದ ಎತ್ತಲಿಲ್ಲ. ಹನ್ನೊಂದು ಇಪ್ಪತ್ತೆರಡಕ್ಕಿಂತ ಕಡಿಮೆ.

ಹೊರಡುವಾಗ ಓತಾ, ಹಳೆಯ ಹ್ಯಾಂಡಲ್ ಊರಿನದು, ಅಳತೆಗೆ ಇಲ್ಲೇ ಇರಲಿ ಎಂದರು. ಮಸ್ತುರಾ ಅದನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದವರು ಕೈ ತಡೆದರು. ಅಕಾ ಹೆಂಡತಿಯ ಕೈಯಿಂದ ತೆಗೆದುಕೊಂಡು ನಬಿಜೋನನಿಗೆ ಕೊಟ್ಟರು.

"ಇಟ್ಕೊಳ್ಳಿ. ಇದು ಮಾತಾಡಲ್ಲ."

ನಾನು ಅವರ ಹಿಂದೆ ನಡೆದೆ. ತಪ್ಪೊಪ್ಪಿಕೊಳ್ಳಲು ಹೋದೆ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ಹೋಗಿದ್ದು ಅದಕ್ಕಲ್ಲ. ನನ್ನ ಅನುಮಾನ ಪೂರ್ತಿ ಸತ್ತಿರಲಿಲ್ಲ. ಎಲ್ಲ ಗೊತ್ತಿದ್ದವರು ಬಾಗಿಲು ಯಾಕೆ ಹಾಕಿಕೊಂಡರು, ಹತ್ತು ವರ್ಷ ಯಾಕೆ ಸುಮ್ಮನಿದ್ದರು ಎಂದು ಕೇಳಿದೆ. ಅಕಾ ಸೈಕಲ್ ನಿಲ್ಲಿಸಿ, ಮುಂದಿನ ಚಕ್ರವನ್ನು ಮೊಣಕಾಲುಗಳ ನಡುವೆ ಹಿಡಿದು, ಹ್ಯಾಂಡಲ್ ನೆಟ್ಟಗಿದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡಿದರು. ಎಲ್ಲರ ಕಿವಿಗಳಿಗೂ ಇಳಿಸಿ ಎತ್ತಿ ಅದು ಕೊಂಚ ತಿರುಚಿಕೊಂಡಿತ್ತು. ಸರಿಮಾಡುತ್ತಲೇ ಹೇಳಿದರು.

"ಬಾಗಿಲು ತೆಗೆದಿಟ್ಟಿದ್ರೆ ನೀವೆಲ್ಲ ಒಬ್ಬೊಬ್ಬರಾಗಿ ಬರ್ತಿದ್ರಿ. ಅಕಾ, ಒಂದು ಬೆರಳು ಉದ್ದ ಇರ್ಲಿ ಬಿಡಿ ಅಂತಿದ್ರಿ. ಇಲ್ಲ ಅನ್ನೋ ಗಟ್ಟಿತನ ನನಗಿದ್ದಿದ್ರೆ ಹತ್ತು ವರ್ಷ ಸೈಕಲ್ ಮಗುಚದೆ ಇರ್ತಿದ್ನಾ? ಮಗುಚಿದ್ರೆ ಜಗಳ, ಜಗಳ ಆದ್ರೆ ಮುಂದಿನ ವರ್ಷ ನಾನಿಲ್ಲ. ಹತ್ತು ನಿಮಿಷ ಕದ್ದು ಕೆಳಗೆ ಬಿಟ್ಟು ಅದನ್ನೇ ನಿಯತ್ತು ಅನ್ಕೊಂಡೆ."

"ಮತ್ತೆ ಈ ವರ್ಷ?"

"ಓಯ್ದಿನ್ ಹಿತ್ತಲಲ್ಲಿ ಮೂರು ಏಪ್ರಿಕಾಟ್ ಮರ ಒಣಗ್ತು. ಮಗಳು ಅಂತ ಮಾಡ್ಲಿಲ್ಲ ಅಂದ್ರೆ ಸುಳ್ಳಾಗುತ್ತೆ, ಉಕಮ್. ಅದನ್ನ ನೀನು ಸರಿಯಾಗೇ ಬರೆದಿದ್ದೆ. ಈ ಸಲ ಎಲ್ಲರ ಕಿವಿ ಮೇಲೂ ಇಡ್ತೀನಿ, ಏನಾದ್ರೂ ಆಗ್ಲಿ ಅಂತ ನಿರ್ಧಾರ ಮಾಡಿದ್ದೆ. ಅಷ್ಟರಲ್ಲಿ ಹಳೇದು ಬಿರುಕು ಬಿಡ್ತು."

ಆದದ್ದು ಅವರು ಅಂದುಕೊಂಡಿದ್ದೇ. ಆದರೆ ಮಾಡಿಸಿದ್ದು ನಬಿಜೋನ್, ಬೇಡ ಎಂದದ್ದು ಅವರು. ಸಾವಿರ ಸಲ ಯೋಚಿಸಿದ್ದೇನೆ: ನಿರ್ಧಾರ ಮಾಡಿದ್ದವರು ಆ ಗಳಿಗೆಯಲ್ಲಿ ಬೇಡ ಎಂದದ್ದು ಹೆದರಿಯೋ, ನಮ್ಮ ಮೇಲಿನ ಕರುಣೆಯಿಂದಲೋ? ಕೇಳಲಿಲ್ಲ. ಕರುಣೆ ಎಂದಿದ್ದರೆ ನಾನು ತಡೆದುಕೊಳ್ಳುತ್ತಿರಲಿಲ್ಲ.

ಮಾರನೇ ದಿನ ಎಲ್ಲರೂ ಕಲ್ಲುಗಳನ್ನು ಒಳಕ್ಕೆ ಸರಿಸಿದರು. ಹಳೆಯ ಹ್ಯಾಂಡಲ್ ಚಹಾದಂಗಡಿಯ ಗೋಡೆಯ ಮೊಳೆಗೆ ಏರಿತು. ಏಪ್ರಿಲ್‌ನಲ್ಲಿ ಬಾಲದ ಓಣಿಗೆ ಮೂರು ಸರದಿ ನೀರು ತುಂಬಿ ಹರಿಯಿತು. ಮೇ ತಿಂಗಳಲ್ಲಿ ನಬಿಜೋನ್ ಆ ಹ್ಯಾಂಡಲಿನ ಮೇಲೆ ಬಟ್ಟಲು ಒರೆಸುವ ಬಟ್ಟೆ ಒಣಹಾಕತೊಡಗಿದ. ಜೂನ್ ಕೊನೆಯ ಬಿಸಿಲಲ್ಲಿ ಕಲ್ಲುಗಳು ಮತ್ತೆ ನಡೆಯಲು ಶುರುಮಾಡಿದವು. ನನ್ನ ಕಲ್ಲನ್ನು ಯಾರು ಸರಿಸಿದರೋ ಗೊತ್ತಿಲ್ಲ ಎಂದು ಬರೆಯಬಹುದಿತ್ತು. ನಾನೇ ಸರಿಸಿದ್ದು. ಟೊಮೆಟೊ ಗಿಡ ಬಾಡುತ್ತಿತ್ತು, ಕಾಲಲ್ಲಿ ಒತ್ತಿದೆ, ಒಂದೂವರೆ ಬೆರಳು. ಕೋಜಿಬಾಯ್ ಗಾಡಿಯ ಮೇಲಿಂದ ಇಳಿಯದೆ ದೂಳೆಬ್ಬಿಸಿಕೊಂಡು ಹೋದ.

ಎರಡು ದಿನ ಬಿಟ್ಟು ಬೆಳಿಗ್ಗೆ ನಾನು ಬಾಗಿಲಲ್ಲಿ ಕೂತಿದ್ದೆ. ತುರ್ಗುನ್ ಅಕಾ ಸೈಕಲ್ಲಿನಲ್ಲಿ ಬಂದರು. ಗುದ್ದಲಿ ಇಲ್ಲ, ಪಾಯಿಜಾಮಕ್ಕೆ ದಾರ ಮಾತ್ರ ಇತ್ತು. ನನ್ನ ಕಿವಿಯ ಬಳಿ ಇಳಿದರು. ಚೈನು ಕಳಚಿದೆ ಎಂದರು. ಚೈನು ಕಳಚಿರಲಿಲ್ಲ, ನಾನು ನೋಡಿದೆ. ಸೈಕಲ್ ಮಗುಚಿ, ಹಿಡಿಗಳನ್ನು ನನ್ನ ಎರಡು ಕಲ್ಲುಗಳ ಮೇಲೆ ಇಳಿಸಿದರು. ಹ್ಯಾಂಡಲ್ ಒಳಗೆ ಬಿತ್ತು. ಪೆಡಲನ್ನು ಎರಡು ಸುತ್ತು ಸುಮ್ಮನೆ ತಿರುಗಿಸಿ, ಸೈಕಲ್ ಎತ್ತಿ, ಎದೆಯ ಮೇಲೆ ಕೈಯಿಟ್ಟು, ಹತ್ತನೇ ಮನೆಯ ಮುಂದೆ ಮತ್ತೆ ಇಳಿದರು. ಅಲ್ಲೂ ಚೈನು ಕಳಚಿತ್ತು.

ನಾನು ಎದ್ದು ಹೋಗಿ ಕಲ್ಲನ್ನು ಒಳಕ್ಕೆ ಸರಿಸಿದೆ. ಬೆನ್ನು ನೋಯುವಷ್ಟು ಬಗ್ಗಿಯೇ ಸರಿಸಿದೆ.

ಆಮೇಲೆ ಅವರು ವಾರಕ್ಕೆರಡು ಸಲ ಬರತೊಡಗಿದರು. ಯಾವ ಹುದ್ದೆಯೂ ಇಲ್ಲ, ಯಾರೂ ಕೇಳಿಲ್ಲ. ಇಪ್ಪತ್ತೆರಡು ಮನೆಗಳ ಮುಂದೆ ಇಪ್ಪತ್ತೆರಡು ಸಲ ಚೈನು. ಕೆಲವರು ಕಲ್ಲು ಸರಿಸುತ್ತಾರೆ. ಉಳಿದವರು ಬೇರೆ ದಾರಿ ಹುಡುಕಿಕೊಂಡಿದ್ದಾರೆ. ಈಗ ಓಣಿಯ ತಿರುವಿನಲ್ಲಿ ಆ ಹೊಳೆಯುವ ಹ್ಯಾಂಡಲ್ ಕಂಡರೆ ಸಾಕು, ಕೊಕ್ತೂತ್‌ನಲ್ಲಿ ಹಾಡುಹಗಲೇ ಒಂದರ ಹಿಂದೊಂದು ಬಾಗಿಲು ಹಾಕಿಕೊಳ್ಳುತ್ತವೆ.